ದನಿ ಒಡೆಯುತ್ತಿದೆ, ಕಾರ್ಯಕ್ರಮ ಬಿಡಲಾಗುತ್ತಿಲ್ಲ

ಪ್ರಶ್ನೆ: ನನಗೆ 27 ವರ್ಷ, ಊರು ಹುಬ್ಬಳ್ಳಿ. ಹಿಂದೂಸ್ತಾನಿ ಕಲಿಯುತ್ತಿದ್ದೇನೆ, ಹೊಟ್ಟೆಪಾಡು ಮಾತ್ರ ಆರ್ಕೆಸ್ಟ್ರಾದಿಂದ. ಗಣೇಶ ಹಬ್ಬದಲ್ಲಿ ಸಾಲಾಗಿ ಹಾಡಿದ ಮೇಲೆ ದನಿ ಒರಟಾಯಿತು, ತಾರ ಷಡ್ಜದಲ್ಲಿ, ಅಂದರೆ ಮೇಲಿನ ‘ಸಾ’ದಲ್ಲಿ ಒಡೆಯುತ್ತದೆ. ಒಂದೂವರೆ ತಿಂಗಳಾದರೂ ಸರಿಹೋಗಿಲ್ಲ. ರಿಯಾಜ್ ಸಾಲದು ಅನ್ನುತ್ತಾರೆ ಗುರುಗಳು. ಆರ್ಕೆಸ್ಟ್ರಾ ವಿಷಯ ಅವರಿಗೆ ತಿಳಿಸಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮಗಳಿಗೆ ಮುಂಗಡ ಪಡೆದಿದ್ದೇನೆ. ನಾನು ಬಿಟ್ಟರೆ ಬೇರೆಯವರು ಬರುತ್ತಾರೆ. ಏನು ಮಾಡಲಿ?

ಉತ್ತರ: ಮುಂಗಡ ವಾಪಸ್ ಕೊಡಿ, ಇವತ್ತೇ. ಆ ದುಡ್ಡು ನಿಮಗೆ ಎಷ್ಟು ಬೇಕು ಅನ್ನುವುದು ಗೊತ್ತಿದ್ದೂ ಹೇಳುತ್ತಿದ್ದೇನೆ. ಈಗಲೇ ತಿಳಿಸಿದರೆ ಆಯೋಜಕರಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಸಮಯ ಸಿಗುತ್ತದೆ, ನಿಮ್ಮ ಹೆಸರೂ ಕೆಡುವುದಿಲ್ಲ. ವೇದಿಕೆಯ ಮೇಲೆ ದನಿ ಕೈಕೊಟ್ಟರೆ ಅದನ್ನು ಯಾರೂ ಮರೆಯುವುದಿಲ್ಲ.

ಮೂರು ವಾರ ದಾಟಿದ ಒರಟುದನಿಯನ್ನು ರಿಯಾಜ್‌ನಿಂದ ಸರಿಮಾಡಲು ಹೋಗಬಾರದು. ಕಪ್ಪು ಐದರ (ಹಾರ್ಮೋನಿಯಂನ ಐದನೇ ಕಪ್ಪು ಮನೆಯ) ಶ್ರುತಿಯಲ್ಲಿ ಹಾಡುವವರಾದರೆ ತಾರ ಷಡ್ಜದಲ್ಲಿ ಸ್ವರತಂತುಗಳು ಸೆಕೆಂಡಿಗೆ ಸುಮಾರು 466 ಸಲ ಒಂದಕ್ಕೊಂದು ಬಡಿಯುತ್ತವೆ. ಊದಿಕೊಂಡ ತಂತುಗಳನ್ನು ಹಾಗೆ ಬಡಿಸುತ್ತಲೇ ಇದ್ದರೆ ಗಂಟು ಕಟ್ಟಬಹುದು. ನಿಮ್ಮದು ಗಂಟೋ, ಬರೀ ಊತವೋ, ಇನ್ನೇನೋ ಅನ್ನುವುದನ್ನು ನಾನಾಗಲಿ ನಿಮ್ಮ ಗುರುಗಳಾಗಲಿ ದನಿ ಕೇಳಿ ಹೇಳಲಾರೆವು. ಕಿವಿ-ಮೂಗು-ಗಂಟಲು ತಜ್ಞರಲ್ಲಿ ಹೋಗಿ, ಸ್ಟ್ರೋಬೋಸ್ಕೋಪಿ ಆಗುತ್ತದೆಯೇ ಎಂದು ಕೇಳಿ. ಅದರಲ್ಲಿ ತಂತುಗಳು ಅದುರುವ ಬಗೆಯೇ ಪರದೆಯ ಮೇಲೆ ಕಾಣುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ತೊಂದರೆಗೆ ಚಿಕಿತ್ಸೆ ಇದೆ. ಗಂಟು ಅಂದ ಕೂಡಲೇ ಆಪರೇಷನ್ ಎಂದು ಹೆದರಬೇಡಿ, ಬಹಳಷ್ಟು ಗಂಟುಗಳು ವಾಯ್ಸ್ ಥೆರಪಿಯಿಂದಲೇ ಕರಗುತ್ತವೆ. ಹಾಡುತ್ತಿದ್ದಾಗಲೇ ದನಿ ಧಕ್ಕನೆ ನಿಂತುಹೋದರೆ ಮಾತ್ರ ಅದು ರಕ್ತಸ್ರಾವವಿರಬಹುದು. ಆಗ ಮಾತೂ ಆಡದೆ ವೈದ್ಯರ ಹತ್ತಿರ ಓಡಿ.

ಅಲ್ಲಿಯವರೆಗೆ ಪಿಸುಮಾತು ಬೇಡ, ಅದೂ ಶ್ರಮವೇ. ಮೆಲ್ಲಗೆ, ಸಹಜ ದನಿಯಲ್ಲಿ, ಬೇಕಾದಷ್ಟೇ ಮಾತಾಡಿ. ಹಾಡಿನ ಬದಲು ನಿರೂಪಣೆ ಒಪ್ಪಿಕೊಳ್ಳುವ ಯೋಚನೆ ಇದ್ದರೆ ಅದನ್ನೂ ಬಿಡಿ. ಕಷಾಯ, ಜೇನು, ಜ್ಯೇಷ್ಠಮಧು ಗಂಟಲಿಗೆ ಹಿತ, ಆದರೆ ನುಂಗಿದ್ದು ಸ್ವರತಂತುಗಳನ್ನು ಮುಟ್ಟುವುದಿಲ್ಲ. ದಿನವಿಡೀ ನೀರು ಕುಡಿಯುತ್ತಿರಿ, ಬರೀ ಬಿಸಿನೀರಿನ ಹಬೆ ತೆಗೆದುಕೊಳ್ಳಿ. ಕಾರ್ಯಕ್ರಮ ಮುಗಿಸಿ ರಾತ್ರಿ ಒಂದು ಗಂಟೆಗೆ ಮಿರ್ಚಿ-ಮಂಡಕ್ಕಿ ತಿಂದು ಮಲಗುವ ರೂಢಿ ನಿಮಗೂ ಇದ್ದರೆ ಅದರ ಹುಳಿತೇಗೂ ತಂತುಗಳನ್ನು ಸುಡುತ್ತಿರಬಹುದು.

ಮತ್ತೆ ಹಾಡಲು ಶುರುಮಾಡಿದಾಗ ಶ್ರುತಿ ಇಳಿಸಿ. ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ನನ್ನ ಅನುಮಾನ ಇಲ್ಲೇ ಇದೆ. ಸಿನಿಮಾ ಹಾಡನ್ನು ಮೂಲ ಶ್ರುತಿಯಲ್ಲೇ ಹಾಡಬೇಕೆಂಬ ಹಟ ಆರ್ಕೆಸ್ಟ್ರಾಗಳಲ್ಲಿ ಬಹಳ. ಅದು ಸ್ಟುಡಿಯೋದಲ್ಲಿ, ಬೇರೊಬ್ಬರ ಕಂಠಕ್ಕೆ ಹೊಂದಿಸಿದ ಶ್ರುತಿ. ನೀವು ರಾತ್ರಿಯೆಲ್ಲ ಮಂಟಪದ ಗದ್ದಲದಲ್ಲಿ ಹಾಡುವವರು. ಕೀಬೋರ್ಡ್‌ನಲ್ಲಿ ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಒತ್ತಿದರೆ ಒಂದು ಸ್ವರ ಇಳಿಯುತ್ತದೆ, ಕೇಳುವವರಿಗೆ ಗೊತ್ತೂ ಆಗುವುದಿಲ್ಲ. ನಿಮ್ಮ ದನಿ ನಿಮಗೇ ಕೇಳುವಂತೆ ಮಾನಿಟರ್ ಸ್ಪೀಕರ್ ಇಡಿಸಿಕೊಳ್ಳಿ. ಕೇಳಿಸದಿದ್ದಾಗಲೇ ನಾವು ಕಿರುಚುವುದು.

ಇಳಿಸಿದರೆ ಅವಮಾನ ಅನ್ನಿಸಿದರೆ ನಿಮ್ಮ ಊರಿನವರೇ ಆದ ಗಂಗೂಬಾಯಿ ಹಾನಗಲ್ ಅವರ ಆರಂಭದ ಧ್ವನಿಮುದ್ರಿಕೆಗಳನ್ನೂ ಆಮೇಲಿನವನ್ನೂ ಕೇಳಿ. ಮೊದಲಿನದು ತೆಳುವಾದ, ಎತ್ತರದ ದನಿ. ಗಂಟಲಿನ ತೊಂದರೆ, ಶಸ್ತ್ರಚಿಕಿತ್ಸೆ ಆದ ಮೇಲೆ ಅದು ಗಂಡುದನಿಯಷ್ಟು ಗಡುಸಾಯಿತು. ಆ ಗಡಸು ದನಿಯಲ್ಲೇ ಅವರು ದಶಕಗಟ್ಟಲೆ ಹಾಡಿದರು, ಹಿಂದೂಸ್ತಾನಿ ಗಾಯನದ ಕಿರಾನಾ ಘರಾನೆಯ ದೊಡ್ಡ ಹೆಸರಾದರು.

ಗುರುಗಳಿಗೆ ಎಲ್ಲ ಹೇಳಿಬಿಡಿ. ನೀವು ರಾತ್ರಿ ಎಷ್ಟು ಹಾಡುತ್ತೀರಿ ಎಂದು ಗೊತ್ತಿಲ್ಲದೆ ಅವರು ಬೆಳಗಿನ ಪಾಠ ಹೆಚ್ಚಿಸುತ್ತಿದ್ದಾರೆ. ಬೈಯಬಹುದು, ಬೈಸಿಕೊಳ್ಳಿ. ವೈದ್ಯರ ಚೀಟಿ ಜೊತೆಗಿರಲಿ. ಮಂದ್ರದ (ಕೆಳಗಿನ ಸ್ವರಗಳ) ಸಾಧನೆಯನ್ನು ಎಂದು, ದಿನಕ್ಕೆ ಎಷ್ಟು ಹೊತ್ತು ಶುರುಮಾಡಬಹುದು ಎಂಬುದನ್ನು ಥೆರಪಿಸ್ಟ್ ಹೇಳಿದ ಮೇಲೆಯೇ ಅವರ ಮುಂದೆ ತಂಬೂರಿ ಹಿಡಿದು ಕೂರಿ.