ಮನಸ್ಸು ಕುಗ್ಗಿದರೆ ಅದು ನಂಬಿಕೆಯ ಕೊರತೆಯೇ?

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಮೆಥೋಡಿಸ್ಟ್ ಕುಟುಂಬದವಳು. ನೇಮಕಾತಿ ಪರೀಕ್ಷೆಯಲ್ಲಿ ಮತ್ತೆ ಅನುತ್ತೀರ್ಣಳಾದ ಮೇಲೆ ‘ನಾನು ಯಾತಕ್ಕೂ ಬಾರದವಳು, ದೇವರೂ ನನ್ನ ಕೈಬಿಟ್ಟಿದ್ದಾನೆ’ ಎಂಬ ಯೋಚನೆ ತಿಂಗಳಿನಿಂದ ಕಾಡುತ್ತಿದೆ, ನಿದ್ದೆಯೂ ಬರುತ್ತಿಲ್ಲ. ಇದು ಅಪನಂಬಿಕೆಯ ಫಲ, ಉಪವಾಸ ಪ್ರಾರ್ಥನೆ ಮಾಡು ಎಂದು ಪ್ರಾರ್ಥನಾ ಕೂಟದ ಹಿರಿಯರು ಹೇಳುತ್ತಾರೆ. ವೈದ್ಯರ ಬಳಿ ಹೋದರೆ ದೇವರನ್ನು ನಂಬಲಿಲ್ಲ ಎಂದಾಗುತ್ತದೆಯೇ?

ಉತ್ತರ: ಖಂಡಿತ ಆಗುವುದಿಲ್ಲ. ಇಂಥ ಯೋಚನೆ ಬಂದವರಲ್ಲಿ ನೀವು ಮೊದಲನೆಯವರೂ ಅಲ್ಲ. ಸತ್ಯವೇದದಲ್ಲಿ (ಬೈಬಲ್) ಒಂದನೆಯ ಅರಸುಗಳ ಪುಸ್ತಕದ 19ನೆಯ ಅಧ್ಯಾಯವನ್ನು ಈ ವಾರ ನಿಧಾನವಾಗಿ ಓದಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ಎಲೀಯನು, ಈಜೆಬೆಲ್ ರಾಣಿಯ ಒಂದು ಬೆದರಿಕೆಗೆ ಅಂಜಿ ಅರಣ್ಯಕ್ಕೆ ಓಡಿಹೋಗಿ, ಗಿಡದ ಕೆಳಗೆ ಕುಳಿತು ತನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡುತ್ತಾನೆ. ಅವನ ಬಳಿ ಬಂದ ದೂತನು ಅವನನ್ನು ಗದರಿಸುವುದಿಲ್ಲ, ಅವನ ನಂಬಿಕೆಯನ್ನು ಅಳೆಯುವುದೂ ಇಲ್ಲ; ಎರಡು ಸಲ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತೋರಿಸಿ, ಎದ್ದು ತಿನ್ನು ಎನ್ನುತ್ತಾನೆ. ನಿದ್ದೆಗೆಟ್ಟು ಸೊರಗಿರುವ ನಿಮಗೆ ಉಪವಾಸ ಸದ್ಯಕ್ಕೆ ಬೇಡ ಎಂದು ನಾನು ಹೇಳುವುದು ಈ ಕಾರಣದಿಂದ.

ಎಲೀಯನ ಯೋಚನೆಗೆ ಉತ್ತರ ಬಂದದ್ದು ಆಮೇಲೆ. ಹೋರೇಬ್ ಬೆಟ್ಟದಲ್ಲಿ ಅವನು ‘ನಾನೊಬ್ಬನೇ ಉಳಿದಿದ್ದೇನೆ’ ಎಂದು ಎರಡು ಸಲ ದೂರುತ್ತಾನೆ. ಬಾಳನೆಂಬ ಅನ್ಯದೇವರಿಗೆ ಅಡ್ಡಬೀಳದ 7,000 ಜನ ಇಸ್ರಾಯೇಲಿನಲ್ಲಿದ್ದಾರೆ ಎಂದು ದೇವರು ತಿಳಿಸುತ್ತಾನೆ. ಅವನ ದುಃಖ ನಿಜವಾಗಿತ್ತು, ಆದರೆ ದುಃಖದಲ್ಲಿ ಹುಟ್ಟಿದ ಆ ಮಾತು ನಿಜವಾಗಿರಲಿಲ್ಲ. ನಿಮ್ಮ ವಿಷಯದಲ್ಲಿಯೂ ಪರೀಕ್ಷೆಯಲ್ಲಿ ಸೋತದ್ದು ನಿಜ. ‘ಯಾತಕ್ಕೂ ಬಾರದವಳು’ ಎಂಬುದು ಅದಕ್ಕೆ ಅಂಟಿಕೊಂಡು ಬಂದ ಸುಳ್ಳು.

ಈ ಎರಡನ್ನೂ ಬಿಡಿಸಿ ನೋಡುವ ಅಭ್ಯಾಸ ಕ್ರೈಸ್ತ ಸಭೆಯಲ್ಲಿ ಬಹಳ ಹಳೆಯದು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ, ಮನುಷ್ಯನನ್ನು ಕಾಡುವ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಒಂದೊಂದಕ್ಕೂ ಎದುರು ಹೇಳಬಹುದಾದ ಸತ್ಯವೇದದ ವಚನಗಳನ್ನು ಪುಸ್ತಕವಾಗಿ ಬರೆದಿಟ್ಟನು; ಆ ಎಂಟರಲ್ಲಿ ದುಃಖವೂ ಒಂದು. ಯೋಚನೆ ಬರುವುದು ನಮ್ಮ ಕೈಯಲ್ಲಿಲ್ಲ, ಅದು ಬಂದು ನೆಲೆಸುವುದು ಮಾತ್ರ ನಮ್ಮನ್ನು ಅವಲಂಬಿಸಿದೆ ಎಂಬುದು ಅವನ ಬೋಧನೆ. ನೀವೂ ಒಂದು ನೋಟ್‌ಬುಕ್ಕಿನಲ್ಲಿ ಕಾಡುವ ಯೋಚನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ, ಅದರ ಕೆಳಗೆ ನಡೆದದ್ದಷ್ಟನ್ನೇ ಬರೆಯಿರಿ, ಬಳಿಕ ಒಂದು ವಚನವನ್ನು ಬರೆದು ಗಟ್ಟಿಯಾಗಿ ಓದಿರಿ. ತನ್ನ ಮನಸ್ಸನ್ನೇ ‘ಏಕೆ ಕುಗ್ಗಿಹೋಗಿರುವೆ’ ಎಂದು ಕೇಳುವ ಭಕ್ತನ ಪಲ್ಲವಿ 42 ಮತ್ತು 43ನೆಯ ಕೀರ್ತನೆಗಳಲ್ಲಿ ಮೂರು ಸಲ ಬರುತ್ತದೆ. ಒಮ್ಮೆ ಹೇಳಿದರೆ ಸಾಲದು ಎಂಬುದು ಅವನಿಗೂ ತಿಳಿದಿತ್ತು.

ಆದರೆ ವಚನವನ್ನು ನಿಮ್ಮನ್ನೇ ಹೊಡೆದುಕೊಳ್ಳಲು ಬಳಸಬೇಡಿ. ‘ಯಾವಾಗಲೂ ಸಂತೋಷಿಸಿರಿ’ ಎಂದು ಫಿಲಿಪ್ಪಿ ಊರಿನ ಸಭೆಯವರಿಗೆ ಪತ್ರ ಬರೆದ ಅಪೊಸ್ತಲ ಪೌಲನು ಆಗ ಸೆರೆಯಲ್ಲಿದ್ದನು. ಗೆಳೆಯ ಎಪಫ್ರೊದೀತನು ಕಾಯಿಲೆಯಲ್ಲಿ ತೀರಿಕೊಂಡಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತೆಂದು ಅದೇ ಪತ್ರದಲ್ಲಿ ಒಪ್ಪಿಕೊಳ್ಳುತ್ತಾನೆ.

ಇನ್ನು ವೈದ್ಯರ ವಿಚಾರ. ಮೆಥೋಡಿಸ್ಟ್ ಮಿಷನ್ ಬೀದರಿನಲ್ಲಿ ಚರ್ಚಿನ ಜೊತೆಗೆ ಆಸ್ಪತ್ರೆಯನ್ನೂ ಕಟ್ಟಿತು. ಔಷಧಿಗೂ ಪ್ರಾರ್ಥನೆಗೂ ವಿರೋಧವಿದೆಯೆಂದು ನಮ್ಮ ಹಿರಿಯರು ಎಣಿಸಿದ್ದರೆ ಅದನ್ನು ಕಟ್ಟುತ್ತಿರಲಿಲ್ಲ. ನಿದ್ದೆಯಿಲ್ಲದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ ಎರಡು ವಾರ ದಾಟಿದರೆ ಅದು ಖಿನ್ನತೆಯ ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ತಡಮಾಡದೆ ಹೋಗಿ. ಎಲೀಯನಂತೆ ಸಾಯಬೇಕೆಂಬ ಯೋಚನೆ ಬಂದರೆ ಬೆಳಗಾಗುವವರೆಗೆ ಕಾಯಬೇಡಿ: ಮನೆಯವರನ್ನು ಎಬ್ಬಿಸಿ, ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆಮಾಡಿ. ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು.

ಹಿರಿಯರು ನಿಮ್ಮ ಮೇಲಿನ ಪ್ರೀತಿಯಿಂದಲೇ ಹಾಗೆ ಹೇಳಿರಬಹುದು. ಕೂಟ ಬಿಡಬೇಡಿ, ಆಸ್ಪತ್ರೆಗೆ ಹೋಗುವ ದಿನ ಅವರಲ್ಲಿ ಒಬ್ಬರನ್ನು ಜೊತೆಗೆ ಬರುವಂತೆ ಕೇಳಿ.