ಹೊಸ ಪೈಲಟ್‌ಗೆ ವಿಮಾನ ಬಾಡಿಗೆಗೋ, ಪಾಲಿಗೋ?

ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಈಗಷ್ಟೇ ಸಿಕ್ಕಿದೆ, ಮಡಿಕೇರಿ ಹತ್ತಿರ ತೋಟ, ನಾಲ್ವರು ಸೇರಿ ನಾಲ್ಕು ಸೀಟಿನ ಹಳೆಯ ಸಣ್ಣ ವಿಮಾನ ಸೆಸ್ನಾ 172 ಕೊಳ್ಳಬಹುದೇ ಎಂದು ಕೇಳಿದ್ದೀರಿ. ಮೊದಲ ವರ್ಷ ಬೇಡ, ಬಾಡಿಗೆಗೇ ಹಾರಿಸಿ.

ವಿಮಾನ ನಿಲ್ಲಿಸುವ ಹ್ಯಾಂಗರ್, ವಿಮೆ, ವಾರ್ಷಿಕ ತಪಾಸಣೆಯ ಖರ್ಚಿನಲ್ಲಿ ವರ್ಷಕ್ಕೆ ನಿಮ್ಮ ಪಾಲೆಷ್ಟು ನೋಡಿ. ಗಂಟೆಯ ಬಾಡಿಗೆಯಲ್ಲಿ ಸ್ವಂತ ವಿಮಾನದ ಗಂಟೆ ಖರ್ಚು ಕಳೆದು, ಉಳಿದದ್ದರಿಂದ ಆ ಪಾಲನ್ನು ಭಾಗಿಸಿ. ಪಾಲು 3 ಲಕ್ಷ, ಉಳಿಕೆ 5,000 ರೂ. ಎಂದಿಟ್ಟುಕೊಂಡರೆ ವರ್ಷಕ್ಕೆ 60 ಗಂಟೆ ಹಾರಿದರಷ್ಟೇ ಬಾಡಿಗೆ ಖರ್ಚಿಗೆ ಸಮ. ಗಂಟೆ ಖರ್ಚೆಂದರೆ 30–35 ಲೀಟರ್ ಇಂಧನವಷ್ಟೇ ಅಲ್ಲ. ಸುಮಾರು 2,000 ಗಂಟೆಗೆ ಬರುವ, ಎಂಜಿನ್ ಪೂರ್ತಿ ಬಿಚ್ಚಿ ಸರಿಪಡಿಸುವ ಓವರ್‌ಹಾಲ್‌ಗೆ ಎತ್ತಿಡುವ ಹಣವೂ ಸೇರಬೇಕು. ಪಾಲುದಾರರ ಜಗಳ ಶುರುವಾಗುವುದೇ ಇಲ್ಲಿ.

ಕೊಡಗಿನವರಿಗೆ ಇನ್ನೊಂದು ತೊಡಕು: ಜೂನ್‌ನಿಂದ ಸೆಪ್ಟೆಂಬರ್ ಮಳೆ, ಆಕಾಶ ತಿಳಿಯಾಗುವಷ್ಟರಲ್ಲಿ ಕಾಫಿ ಕೊಯ್ಲು. ವಿಮಾನವೋ ಸುಮಾರು 120 ಕಿ.ಮೀ. ದೂರದ ಮೈಸೂರಿನಲ್ಲಿ. ಹೀಗೆ ನಿಂತೇ ಇದ್ದರೆ, ಇಂಥ ವಿಮಾನಗಳಲ್ಲಿ ಸಾಮಾನ್ಯವಾದ ಲೈಕಮಿಂಗ್ ಕಂಪನಿಯ ಎಂಜಿನ್‌ನಲ್ಲಿ ಮೇಲ್ಭಾಗದಲ್ಲಿರುವ, ವಾಲ್ವ್ ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್‌ನ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತದೆ. ನೆಲದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಒಳಗೆ ತೇವ ಇನ್ನೂ ಹೆಚ್ಚುತ್ತದೆ. ಅರ್ಧ ಗಂಟೆಯಾದರೂ ಹಾರಿ, ಎಣ್ಣೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿಯಾಗಬೇಕು.

ಆದರೂ ಕೊಳ್ಳುವುದಾದರೆ ಲಾಗ್‌ಬುಕ್‌ನಲ್ಲಿ ಒಟ್ಟು ಗಂಟೆಗಿಂತ ಮೊದಲು ಹಾರದೆ ನಿಂತ ತಿಂಗಳುಗಳನ್ನು ಎಣಿಸಿ. ಪಾಲು ಬಿಡುವವನಿಗೆ ಎಷ್ಟು ದಿನದಲ್ಲಿ, ಯಾವ ಬೆಲೆಗೆ ಹಣ ಎಂಬುದು ಮುಂಗಡ ಕೊಡುವ ಮೊದಲೇ ಬರಹದಲ್ಲಿರಲಿ.