ಅಮೆರಿಕದ ಕಾಲೇಜಿಗೆ ಬರೆಯುವ ಪ್ರಬಂಧದಲ್ಲಿ ತಮಾಷೆ ಮಾಡಬಹುದಾ?

ನಿಮ್ಮ ಮಗಳು ಮುಂಬಯಿ ಕಡೆಯ ಡೊಂಬಿವಲಿ ಲೋಕಲ್ ಟ್ರೇನ್‌ನ ಲೇಡೀಸ್ ಡಬ್ಬದ ಬಗ್ಗೆ ವ್ಯಂಗ್ಯವಾಗಿ ಬರೆದಿದ್ದಾಳೆ, ಅಮೆರಿಕದ ಕಾಲೇಜುಗಳಿಗೆ ಪ್ರವೇಶದ ಅರ್ಜಿಯ ಜೊತೆ ಪ್ರಬಂಧವಾಗಿ ಅದನ್ನೇ ಕಳಿಸಬಹುದಾ ಅಂತ ಕೇಳಿದ್ದೀರಿ. ಕಳಿಸಬಹುದು. ಆದರೆ ಅವಳು ಯಾರನ್ನು ನೋಡಿ ನಗುತ್ತಿದ್ದಾಳೆ ಅನ್ನೋದನ್ನು ಮೊದಲು ನೋಡಿ.

ನಾನು ಮಾಟುಂಗದಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳಿಕೊಡುತ್ತೇನೆ. ವರ್ಷಕ್ಕೆ ನಾಲ್ಕೈದು ಮಕ್ಕಳು ಇಂಥ ಪ್ರಬಂಧ ಹಿಡಿದುಕೊಂಡು ಬರುತ್ತಾರೆ. ಒಬ್ಬ ಹುಡುಗನ ಅಪ್ಪನದು ಉಡುಪಿ ಹೋಟೆಲು. ಅವನು ಮೊದಲು ಬರೆದು ತಂದದ್ದು ಪೂರ್ತಿ ಅವರ ಹೋಟೆಲಿನ ಒಬ್ಬ ಸಪ್ಲಾಯರ್ ಬಗ್ಗೆ. ಅವರ ಇಂಗ್ಲಿಷು, ಹೆಗಲ ಮೇಲಿನ ಬಟ್ಟೆ, ಗಿರಾಕಿಗೆ ‘ನೋ ಚಟ್ನಿ, ಫಿನಿಶ್’ ಅನ್ನುವ ಧಾಟಿ. ಓದಿ ನನಗೂ ನಗು ಬಂತು, ಸುಳ್ಳು ಹೇಳಲ್ಲ. ಆಮೇಲೆ ಕಸಿವಿಸಿ ಆಯಿತು. ಕುಂದಾಪುರದಿಂದ ಸಣ್ಣ ವಯಸ್ಸಿಗೇ ಬಂದು ದುಡಿದವರ ಇಂಗ್ಲಿಷನ್ನು ಮಾಲೀಕನ ಮಗ ಆಡಿಕೊಳ್ಳುತ್ತಿದ್ದಾನೆ. ದೂರದಲ್ಲಿ ಕೂತು ಓದುವವರು ಆ ಸಪ್ಲಾಯರನ್ನು ಅಳೆಯುವುದಿಲ್ಲ, ಈ ಹುಡುಗನನ್ನು ಅಳೆಯುತ್ತಾರೆ.

‘ನೀನು ಒಂದು ದಿನವಾದರೂ ಗಲ್ಲಾದಲ್ಲಿ ಕೂತಿದ್ದೀಯಾ?’ ಅಂತ ಕೇಳಿದೆ. ಕೂತಿದ್ದನಂತೆ, ಒಂದು ಭಾನುವಾರ ಬೆಳಗ್ಗೆ. ಲೆಕ್ಕದಲ್ಲಿ 98 ತೆಗೆದ ಹುಡುಗ. ಇವನು ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆರೆಯುವಷ್ಟರಲ್ಲಿ ಅದೇ ಸಪ್ಲಾಯರ್ ಒಳಗಿನಿಂದ ಕೂಗುತ್ತಿದ್ದರಂತೆ: ‘ಮೂರು ಇಡ್ಲಿ, ಎರಡು ಮಸಾಲೆ, ನಾಲ್ಕು ಕಾಫಿ, ನಾನೂರ ಎಂಬತ್ತು!’ ಮಧ್ಯಾಹ್ನದ ಹೊತ್ತಿಗೆ ಗಲ್ಲಾದಲ್ಲಿ 310 ರೂಪಾಯಿ ಕಮ್ಮಿ. ಅಪ್ಪ ಇವನನ್ನು ಎಬ್ಬಿಸಿ ಚಟ್ನಿ ಬಡಿಸಲು ಕಳಿಸಿದರು.

ಅದನ್ನೇ ಬರಿ ಮಾರಾಯ, ಅಂದೆ. ಬರೆದ. ನಗು ಮೊದಲಿಗಿಂತ ಜಾಸ್ತಿಯೇ ಇತ್ತು.

ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧಕ್ಕೆ 650 ಪದಗಳ ಮಿತಿ ಇದೆ, ಅದು ಗೊತ್ತಿರಬೇಕಲ್ವಾ? ಅಷ್ಟರಲ್ಲಿ ಲೋಕಲ್ ಟ್ರೇನಿನ ಫೋರ್ತ್ ಸೀಟ್ ಅಂದರೇನು ಅಂತ ಒಂದು ಪ್ಯಾರಾ ವಿವರಿಸಿ ಆಮೇಲೆ ನಗಿಸಲು ಹೊರಟರೆ ಕಷ್ಟ. ‘ಮೂವರ ಸೀಟಿನಲ್ಲಿ ನಾಲ್ಕನೆಯವಳು ನಾನು, ಅರ್ಧ ಮೈ ಸೀಟಿನಲ್ಲಿ, ಅರ್ಧ ಗಾಳಿಯಲ್ಲಿ’ ಅಂದರೆ ಮುಗಿಯಿತು. ಮುಂಬಯಿ ನೋಡದವರಿಗೂ ಕಾಣುತ್ತದೆ. ಹಾಗೆ ಒಂದು ಸಾಲಿನಲ್ಲಿ ಕಾಣಿಸಲು ಆಗದ ಜೋಕು ಇದ್ದರೆ ಸುಮ್ನೆ ತೆಗೆದುಬಿಡಲಿ.

ಎಲ್ಲಾ ಕಡೆ ಒಂದೇ ಧಾಟಿ ನಡೆಯಲ್ಲ. ಯೂನಿವರ್ಸಿಟಿ ಆಫ್ ಶಿಕಾಗೋ ತನ್ನ ಹೆಚ್ಚುವರಿ ಪ್ರಬಂಧಕ್ಕೆ ಕೇಳುವ ಪ್ರಶ್ನೆಗಳೇ ವಿಚಿತ್ರ, ಅಲ್ಲಿ ತರಲೆಗೆ ಜಾಗ ಇದೆ. ಬ್ರಿಟನ್ನಿಗೂ ಅರ್ಜಿ ಹಾಕುವುದಾದರೆ ಇದನ್ನು ಅಲ್ಲಿಗೆ ಕಳಿಸಬೇಡಿ. ಅಲ್ಲಿನ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕುವ ವ್ಯವಸ್ಥೆಯಾದ ಯೂಕ್ಯಾಸ್‌ನಲ್ಲಿ 2026ರ ಪ್ರವೇಶದಿಂದ ಮೂರು ಪ್ರಶ್ನೆಗಳು, ಒಟ್ಟು 4,000 ಅಕ್ಷರ. ಈ ಕೋರ್ಸ್ ಯಾಕೆ, ಅದಕ್ಕೆ ಏನು ತಯಾರಿ ಮಾಡಿದ್ದೀಯ ಅನ್ನೋದೇ ಅವರಿಗೆ ಬೇಕು. ಇನ್ನೊಂದು, ಪ್ರಬಂಧ ಬರೆಯುವ ಕಷ್ಟವನ್ನೇ ಗೇಲಿ ಮಾಡುವ ಪ್ರಬಂಧ ಬೇಡ. ನನ್ನ ಹತ್ತಿರವೇ ವರ್ಷಕ್ಕೊಂದು ಬರುತ್ತದೆ, ಕಾಲೇಜಿನವರ ಹತ್ತಿರ ಇನ್ನೆಷ್ಟು ಬರುತ್ತವೋ!

ಈಗ ನಿಮ್ಮ ಮಗಳ ವಿಷಯ. ರೈಲಿನಲ್ಲಿ ಕೂತು ಬೀನ್ಸ್ ಹೆಚ್ಚುವ ಆಂಟಿಯರ ಬಗ್ಗೆ ಎರಡು ಪ್ಯಾರಾ ಬರೆದಿದ್ದಾಳೆ ಅಂದಿರಿ. ಅವರು ಆಫೀಸು ಮುಗಿಸಿ, ಮನೆ ಸೇರುವ ಮುಂಚೆಯೇ ರಾತ್ರಿ ಅಡುಗೆ ಶುರು ಮಾಡಿದವರು. ಅವರನ್ನು ನೋಡಿ ನಕ್ಕರೆ ಹೋಟೆಲಿನ ಹುಡುಗನ ಮೊದಲ ಪ್ರಬಂಧದ ಕಥೆಯೇ ಆಗುತ್ತದೆ. ಆ ಡಬ್ಬದಲ್ಲಿ ಇವಳು ಎಲ್ಲಿ ನಿಲ್ಲುತ್ತಾಳೆ, ಆ ಆಂಟಿಯರು ಯಾವತ್ತಾದರೂ ಇವಳಿಗೆ ಬೈದಿದ್ದಾರಾ ಅಂತ ಕೇಳಿ. ಬೈದಿದ್ದರೆ ಅಲ್ಲಿಂದಲೇ ಶುರು ಮಾಡಲಿ.